ನಾಲ್ಕು ಸಿಲಿಂಡರು, ಮೂವರು ಇಂಜಿನಿಯರು

(ಕೂಟದ ವಾರ್ಷಿಕ ಸಮಾರಂಭದಲ್ಲಿ ನೀಡಿದ ಅತಿಥಿ ಉಪನ್ಯಾಸದ ಪಠ್ಯ)



ಈ ವೇದಿಕೆಯಿಂದ ಹಿಂದೆ ಕುಮಾರವ್ಯಾಸನನ್ನು ಕುರಿತು, ಹೊಯ್ಸಳ ಶಿಲ್ಪವನ್ನು ಕುರಿತು ವಿದ್ವಾಂಸರು ಮಾತನಾಡಿದ್ದಾರೆಂದು ಬಲ್ಲೆವು. ಅಂತಹ ಸ್ಥಳದಲ್ಲಿ ನಿಂತು ಒಂದು ಹಳೆಯ ಮೋಟಾರ್‌ಸೈಕಲ್ಲಿನ ಕಥೆ ಹೇಳಲು ನಮಗೆ ಸಂಕೋಚವಾಗುತ್ತದೆ. ಆದರೆ ನಿಮ್ಮ ಕಾರ್ಯದರ್ಶಿಗಳು ಪಟ್ಟು ಬಿಡಲಿಲ್ಲ. ಆದ್ದರಿಂದ ತಪ್ಪಿನ ಅರ್ಧ ಭಾಗ ಅವರದು.

'ನಾವು' ಎಂದರೆ ಯಾರು ಎಂಬುದನ್ನು ಮೊದಲು ಹೇಳಿಬಿಡುತ್ತೇವೆ. ನಾವು ಒಹಾಯೋದಲ್ಲಿ ಒಂದೇ ಬಡಾವಣೆಯಲ್ಲಿ ನೆಲೆಸಿರುವ ಮೂವರು ಗೆಳೆಯರು. ಮೂವರೂ ಕರ್ನಾಟಕದಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿ, ಎಪ್ಪತ್ತರ ದಶಕದ ಕೊನೆಯಲ್ಲಿ ಈ ದೇಶಕ್ಕೆ ಬಂದು, ಇಲ್ಲಿಯೇ ದುಡಿದು ನಿವೃತ್ತರಾದವರು. ಇಂದು ಮಾತನಾಡುವ ಬಾಯಿ ಒಂದೇ ಆದರೂ ಮಾತು ಮೂವರದು.

ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಹಿರಿಯ ಅಮೆರಿಕನ್ನರಿದ್ದರು. ಕಾರ್ಖಾನೆಯೊಂದರಲ್ಲಿ ಲೇತ್ ನಡೆಸುತ್ತಿದ್ದವರು. ನಾವು ಬಂದ ಮೊದಲ ಚಳಿಗಾಲದಲ್ಲಿ ಕಾರಿನ ಬ್ಯಾಟರಿ ಸತ್ತು ಹಿಮದಲ್ಲಿ ನಿಂತಾಗ, ಕರೆಯದೆಯೇ ತಂತಿಗಳನ್ನು ಹಿಡಿದು ಬಂದು ನಮ್ಮನ್ನು ಕೆಲಸಕ್ಕೆ ಕಳುಹಿಸಿಕೊಟ್ಟವರು ಅವರು. ಕೆಲವು ವರ್ಷಗಳ ಹಿಂದೆ ಅವರು ತೀರಿಕೊಂಡರು. ಅವರ ಪತ್ನಿ ಮನೆ ಮಾರುವ ಮುನ್ನ ನಮ್ಮನ್ನು ಕರೆದು, ಗ್ಯಾರೇಜಿನ ಮೂಲೆಯಲ್ಲಿ ಹೊದಿಕೆಯಡಿ ನಿಂತಿದ್ದ ಯಂತ್ರವನ್ನು ತೋರಿಸಿ, "ನೀವು ಇಂಜಿನಿಯರುಗಳು, ಇದನ್ನು ನಡೆಯುವಂತೆ ಮಾಡಬಲ್ಲಿರಿ" ಎಂದರು. ಅದು 1975ರ ಹೋಂಡಾ ಸಿಬಿ750. ಚಕ್ರಗಳಲ್ಲಿ ಗಾಳಿಯಿರಲಿಲ್ಲ. ನಾಲ್ಕು ಸೈಲೆನ್ಸರುಗಳ ಪೈಕಿ ಒಂದರಲ್ಲಿ ಇಲಿ ಗೂಡು ಕಟ್ಟಿತ್ತು. ಆ ಅಜ್ಜಿಯ ಮುಂದೆ 'ನಮಗೆ ಬರುವುದಿಲ್ಲ' ಎಂದು ಹೇಳಲು ನಮ್ಮ ಪದವಿ ಬಿಡಲಿಲ್ಲ.

ಈ ಯಂತ್ರವೇನು, ಅದಕ್ಕೆ ಏಕೆ ಇಷ್ಟು ಮಾತು ಎಂದು ನೀವು ಕೇಳಬಹುದು. ಅದಕ್ಕಾಗಿ ಜಪಾನಿಗೆ ಹೋಗಬೇಕು.

ಸೊಯಿಚಿರೊ ಹೋಂಡಾ ಹುಟ್ಟಿದ್ದು 1906ರಲ್ಲಿ, ಹಮಾಮಾತ್ಸು ಬಳಿಯ ಹಳ್ಳಿಯೊಂದರಲ್ಲಿ. ತಂದೆ ಕಮ್ಮಾರರು, ಜೊತೆಗೆ ಸೈಕಲ್ ರಿಪೇರಿ. ಮಗ ಹದಿನೈದರ ವಯಸ್ಸಿನಲ್ಲಿ, 1922ರಲ್ಲಿ, ಟೋಕಿಯೊದ ಆರ್ಟ್ ಶೋಕಾಯ್ ಎಂಬ ವಾಹನ ರಿಪೇರಿ ಅಂಗಡಿಗೆ ಕೆಲಸ ಕಲಿಯಲು ಸೇರಿದ. ಮೊದಮೊದಲು ಅವನಿಗೆ ದೊರೆತ ಕೆಲಸ ಯಜಮಾನರ ಮಗುವನ್ನು ಎತ್ತಿಕೊಳ್ಳುವುದು. ಮುಂದೆ ಪಿಸ್ಟನ್ ರಿಂಗ್ ತಯಾರಿಸಲು ಹೊರಟಾಗ, ಲೋಹದ ಗುಣ ತಿಳಿಯದೆ ಕೈಸೋತು, 1937ರಲ್ಲಿ ಮೂವತ್ತರ ಪ್ರಾಯದಲ್ಲಿ ಹಮಾಮಾತ್ಸುವಿನ ತಾಂತ್ರಿಕ ಶಾಲೆಗೆ ಹೋಗಿ ಹುಡುಗರ ನಡುವೆ ಕುಳಿತರು. ತಮಗೆ ಬೇಕಾದ ಪಾಠ ಕೇಳಿದರು. ಪದವಿಯ ಗೊಡವೆಗೆ ಹೋಗಲಿಲ್ಲ. ಟೊಯೋಟಾ ಕಂಪನಿಯ ಪರೀಕ್ಷೆಗೆ ಅವರು ಕಳುಹಿಸಿದ 50 ರಿಂಗುಗಳಲ್ಲಿ ತೇರ್ಗಡೆಯಾದದ್ದು ಬರೀ 3. ಅಲ್ಲಿಂದಲೇ ಮತ್ತೆ ಕಲಿತರು.

ಯುದ್ಧ ಮುಗಿದು ಜಪಾನು ಸುಟ್ಟು ಕರಿಕಾಗಿದ್ದಾಗ, 1946ರಲ್ಲಿ, ಸೇನೆಯ ವೈರ್‌ಲೆಸ್ ಯಂತ್ರಗಳಿಗಾಗಿ ಮಾಡಿದ್ದ ಪುಟ್ಟ ಎಂಜಿನ್ನುಗಳನ್ನು ಸೈಕಲ್ಲಿಗೆ ಕಟ್ಟಿ ಮಾರಲಾರಂಭಿಸಿದರು. 1948ರಲ್ಲಿ ಕಂಪನಿ ಹುಟ್ಟಿತು. ಮರುವರ್ಷ ತಕೆಯೊ ಫುಜಿಸಾವಾ ಬಂದು ಸೇರಿ ಹಣಕಾಸು ಮತ್ತು ಮಾರಾಟದ ಹೊಣೆ ಹೊತ್ತರು. 1959ರಲ್ಲಿ ಐಲ್ ಆಫ್ ಮ್ಯಾನ್ ದ್ವೀಪದ ಪ್ರಸಿದ್ಧ ರೇಸಿಗೆ ಮೊದಲ ಬಾರಿ ಹೋದರು. 1961ರಲ್ಲಿ 125 ಮತ್ತು 250 ಸಿಸಿ ಎರಡೂ ವರ್ಗಗಳಲ್ಲಿ ಗೆದ್ದರು. ಆದರೂ ಅಮೆರಿಕದ ಸವಾರರ ದೃಷ್ಟಿಯಲ್ಲಿ ಜಪಾನಿ ಬೈಕೆಂದರೆ ಚಿಕ್ಕ ಬೈಕು. ದೊಡ್ಡ ಬೈಕೆಂದರೆ ಹಾರ್ಲೆ, ಇಲ್ಲವೇ ಬ್ರಿಟನ್ನಿನ ಟ್ರಯಂಫ್, ನಾರ್ಟನ್, ಬಿಎಸ್‌ಎ.

ಈ ಎಣಿಕೆಯನ್ನು ಬುಡಮೇಲು ಮಾಡಿದ್ದು 1968ರ ಅಕ್ಟೋಬರಿನ ಟೋಕಿಯೊ ಪ್ರದರ್ಶನದಲ್ಲಿ ಕಾಣಿಸಿಕೊಂಡ ಸಿಬಿ750. ಯೋಜನೆಯ ಮುಖ್ಯಸ್ಥರು ಯೋಶಿರೊ ಹರಾಡಾ. ಸಾಮರ್ಥ್ಯ 736 ಸಿಸಿ. ಅಡ್ಡಲಾಗಿ ಒಂದೇ ಸಾಲಿನಲ್ಲಿ ನಿಂತ ನಾಲ್ಕು ಸಿಲಿಂಡರುಗಳು, ನಾಲ್ಕು ಕಾರ್ಬ್ಯುರೇಟರುಗಳು, ನಾಲ್ಕು ಸೈಲೆನ್ಸರುಗಳು. ಮೊದಲ ಮಾದರಿಯ ಶಕ್ತಿ ನಿಮಿಷಕ್ಕೆ 8,000 ಸುತ್ತುಗಳಲ್ಲಿ 67 ಅಶ್ವಶಕ್ತಿ. ಗರಿಷ್ಠ ವೇಗ ಗಂಟೆಗೆ ಸುಮಾರು 200 ಕಿಲೋಮೀಟರು. ಒದೆಯುವ ಕಷ್ಟವಿಲ್ಲ, ಗುಂಡಿ ಒತ್ತಿದರೆ ಸಾಕು.

ನಾಲ್ಕು ಸಿಲಿಂಡರಿನ ಮೋಟಾರ್‌ಸೈಕಲ್ ಇದೇ ಮೊದಲನೆಯದಲ್ಲ. ಬೆಲ್ಜಿಯಮ್ಮಿನ ಎಫ್‌ಎನ್ ಕಂಪನಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಮಾಡಿತ್ತು. ಅಮೆರಿಕದ ಹೆಂಡರ್ಸನ್, ಬ್ರಿಟನ್ನಿನ ಏರಿಯಲ್, ಇಟಲಿಯ ಎಂವಿ ಅಗಸ್ಟಾ ಮಾಡಿದ್ದವು. ಅವು ಸಿರಿವಂತರಿಗೆ ಅಥವಾ ರೇಸಿನವರಿಗೆ ಮೀಸಲಾದವು. ಹೋಂಡಾ ಅದನ್ನು ಕೆಲಸಕ್ಕೆ ಹೋಗುವ ಮನುಷ್ಯನ ಕೈಗೆಟುಕಿಸಿತು. 1969ರ ಜನವರಿಯಲ್ಲಿ ನೆವಾಡಾದ ರೀನೊ ನಗರದಲ್ಲಿ ಸುಮಾರು ಎರಡು ಸಾವಿರ ಡೀಲರುಗಳ ಸಭೆಯಲ್ಲಿ 1,495 ಡಾಲರ್ ಎಂದು ಬೆಲೆ ಘೋಷಿಸಿದಾಗ ಸಭೆಯೆಲ್ಲ ಚಪ್ಪಾಳೆ ತಟ್ಟಿತಂತೆ. ವರ್ಷಕ್ಕೆ 1,500 ಮಾರಿದರೆ ಸಾಕೆಂದು ಎಣಿಸಿದ್ದವರು, ತಿಂಗಳಿಗೆ 1,500, ಆಮೇಲೆ ತಿಂಗಳಿಗೆ 3,000 ಮಾಡಬೇಕಾಯಿತು. ಮಾರಾಟದ ಬಗೆಗೆ ಭರವಸೆಯಿಲ್ಲದೆ ದುಬಾರಿ ಅಚ್ಚುಗಳನ್ನು ಮಾಡಿಸದೆ ಎರಕ ಹೊಯ್ದ ಮೊದಲ ಏಳು ಸಾವಿರಕ್ಕೂ ಹೆಚ್ಚಿನ ಎಂಜಿನ್ ಪೆಟ್ಟಿಗೆಗಳ ಮೈ ಒರಟು. ಇಂದು ಸಂಗ್ರಾಹಕರು ಆ ಒರಟುತನಕ್ಕೇ ಹೆಚ್ಚಿನ ಬೆಲೆ ಕೊಡುತ್ತಾರೆ.

ನಾಲ್ಕು ಸಿಲಿಂಡರು ಏಕೆ? ನಮ್ಮ ತಾಯಂದಿರು ಒನಕೆಯಿಂದ ಭತ್ತ ಕುಟ್ಟುವುದನ್ನು ನೋಡಿದವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಇಬ್ಬರ ಒನಕೆ ಒಟ್ಟಿಗೇ ಬಿದ್ದರೆ ನೆಲ ಅದುರುತ್ತದೆ. ಒಂದು ಏರುವಾಗ ಇನ್ನೊಂದು ಇಳಿದರೆ ಕೆಲಸ ಹಗುರ. ಅಂದಿನ ಬ್ರಿಟಿಷ್ ಅವಳಿ ಸಿಲಿಂಡರಿನ ಬೈಕುಗಳಲ್ಲಿ ಎರಡು ಪಿಸ್ಟನ್ನುಗಳೂ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತಿದ್ದವು. ವೇಗ ಹೆಚ್ಚಿದಂತೆ ಸವಾರನ ಕೈ ಜೋಮು ಹಿಡಿಯುತ್ತಿತ್ತು. ಹೋಂಡಾದಲ್ಲಿ ಹೊರಗಿನ ಎರಡು ಏರುವಾಗ ಒಳಗಿನ ಎರಡು ಇಳಿಯುತ್ತವೆ. ಬ್ರಿಟಿಷರು ಎಂಜಿನ್ ಪೆಟ್ಟಿಗೆಯನ್ನು ಉದ್ದುದ್ದ ಸೀಳಿ ಜೋಡಿಸುತ್ತಿದ್ದರು, ಸಂದಿನಿಂದ ಎಣ್ಣೆ ಜಿನುಗುವುದು ಸಾಮಾನ್ಯವಾಗಿತ್ತು. ಹೋಂಡಾ ಅಡ್ಡಲಾಗಿ ಸೀಳಿತು. ಸಂದು ಎಣ್ಣೆಯ ಮಟ್ಟಕ್ಕಿಂತ ಮೇಲೆ ಬಂದು ನೆಲ ಒಣಗಿತು.

ಮುಂದಿನ ಚಕ್ರಕ್ಕೆ ಹಳೆಯ ಡ್ರಮ್ ಬ್ರೇಕೋ ಹೊಸ ಡಿಸ್ಕ್ ಬ್ರೇಕೋ ಎಂಬುದು ಕೊನೆಯವರೆಗೂ ತೀರ್ಮಾನವಾಗಿರಲಿಲ್ಲ. ಡಿಸ್ಕ್ ಬ್ರೇಕಿನ ಪರೀಕ್ಷೆಗೆ ಇನ್ನೂ ಕಾಲ ಬೇಕೆಂದು ಹರಾಡಾ ಅವರು ಎರಡು ನಮೂನೆಗಳನ್ನೂ ಯಜಮಾನರ ಮುಂದಿಟ್ಟರಂತೆ. ಹೋಂಡಾ ಅವರು ಡಿಸ್ಕ್ ಬ್ರೇಕನ್ನೇ ಆರಿಸಿದರು. ಇಷ್ಟು ವೇಗದ ವಾಹನವನ್ನು ಸಾಮಾನ್ಯನ ಕೈಗೆ ಕೊಡುವವನು ನಿಲ್ಲಿಸುವ ಬಲವನ್ನೂ ಕೊಡಬೇಕಷ್ಟೆ.

ಈ ಬೈಕಿನಲ್ಲಿ ದೋಷಗಳಿರಲಿಲ್ಲವೆಂದು ಭಾವಿಸಬೇಡಿ. ಮೊದಲ ಬೈಕುಗಳಲ್ಲಿ ಹಿಂಚಕ್ರದ ಸರಪಳಿ ಈ ಶಕ್ತಿಯನ್ನು ತಾಳದೆ ತುಂಡಾಗಿ ಎಂಜಿನ್ ಪೆಟ್ಟಿಗೆಯನ್ನೇ ಒಡೆದ ಪ್ರಸಂಗಗಳುಂಟು. 1970ರ ಡೇಟೋನಾ 200 ಮೈಲಿ ರೇಸಿನಲ್ಲಿ ಕಂಪನಿ ಇಳಿಸಿದ ನಾಲ್ಕು ಬೈಕುಗಳಲ್ಲಿ ಮೂರು ನಡುವೆಯೇ ಕೈಕೊಟ್ಟವು. ಉಳಿದ ಒಂದರಲ್ಲಿ ಡಿಕ್ ಮ್ಯಾನ್ ಎಂಬ ಅನುಭವಿ ಸವಾರ, ಎಂಜಿನ್ನಿನ ಬಳಲಿಕೆಯನ್ನು ಕಿವಿಯಲ್ಲೇ ಅಳೆಯುತ್ತ, ಗೆದ್ದು ಬಂದ.

ಆಗ ನಾವೆಲ್ಲಿದ್ದೆವು? ನಮ್ಮಲ್ಲಿ ಒಬ್ಬರು ಮೈಸೂರಿನವರು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಬೈಕು ತಯಾರಿಕೆ ಆರಂಭಿಸಿದ್ದನ್ನು, ಮಹಾರಾಜ ಜಯಚಾಮರಾಜ ಒಡೆಯರು ಅದನ್ನು ಉದ್ಘಾಟಿಸಿದ್ದನ್ನು ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ. ಅದು ಒಂದೇ ಸಿಲಿಂಡರು, 250 ಸಿಸಿ, ಪೆಟ್ರೋಲಿಗೆ ಎಣ್ಣೆ ಬೆರೆಸಬೇಕು; ಒದೆಯುವ ಕಡ್ಡಿಯೂ ಗೇರು ಬದಲಿಸುವ ಕಡ್ಡಿಯೂ ಒಂದೇ. 1973ರಿಂದ ಯೆಜ್ಡಿ ಎಂಬ ಹೆಸರು ಪಡೆದು 1996ರವರೆಗೆ ನಡೆದ ಆ ಕಾರ್ಖಾನೆಯ ಗೇಟಿನ ಮುಂದೆ ನಮ್ಮ ಗೆಳೆಯರು ಬಾಲ್ಯದಲ್ಲಿ ನಿತ್ಯ ನಿಂತು ನೋಡುತ್ತಿದ್ದರು. ಒಳಗೆ ಹೋಗಿ ಕೆಲಸ ಕಲಿಯುವ ಆಸೆಯಾಗಿ ಮನೆಯಲ್ಲಿ ಕೇಳಿದಾಗ ದೊರೆತ ಉತ್ತರ: "ಚೆನ್ನಾಗಿ ಓದು. ಇಲ್ಲವಾದರೆ ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಿಡಿಯಬೇಕಾದೀತು."

ಮಹನೀಯರೇ, ಈ ಮಾತನ್ನು ಕೇಳದೆ ಬೆಳೆದವರು ಈ ಸಭೆಯಲ್ಲಿ ಎಷ್ಟು ಮಂದಿ? ಇದನ್ನೇ ತಮ್ಮ ಮಕ್ಕಳಿಗೆ ಹೇಳದವರು ಎಷ್ಟು ಮಂದಿ? ನಾವು ಮೂವರೂ ಕೇಳಿದ್ದೇವೆ, ಹೇಳಿಯೂ ಇದ್ದೇವೆ.

ಇನ್ನು ನಮ್ಮ ಗ್ಯಾರೇಜಿಗೆ ಬರೋಣ. ಮೊದಲ ಶನಿವಾರ ಎಂಜಿನ್ನಿನ ಪಕ್ಕದ ಮುಚ್ಚಳ ತೆಗೆಯಲು ಹೊರಟೆವು. ಪ್ಲಸ್ ಆಕಾರದ ತಲೆಯ ಸ್ಕ್ರೂಗಳು. ಒಂದು ಗಂಟೆಯೊಳಗೆ ಮೂರರ ತಲೆಯನ್ನು ಸವೆಸಿ ಬಟ್ಟಲಿನಂತೆ ಮಾಡಿದೆವು. ಉಷ್ಣಶಾಸ್ತ್ರದ ಸಮೀಕರಣಗಳನ್ನು ಇಂದಿಗೂ ಬಾಯಿಪಾಠ ಒಪ್ಪಿಸಬಲ್ಲ ಮೂವರು ಮೆಕ್ಯಾನಿಕಲ್ ಇಂಜಿನಿಯರುಗಳಿಗೆ ಒಂದು ಸ್ಕ್ರೂ ತೆಗೆಯಲು ಬರಲಿಲ್ಲ.

ಇಲ್ಲಿ ಒಂದು ಮನೆಯ ಮಾತನ್ನು ಹೇಳಬೇಕಾಗಿದೆ. ಸಂಬಂಧಪಟ್ಟವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇವೆ. ನಮ್ಮ ಮೂವರಲ್ಲಿ ಒಬ್ಬರ ಮಗ ಕಾಲೇಜನ್ನು ಎರಡನೆಯ ವರ್ಷದಲ್ಲಿ ಬಿಟ್ಟು, ಟ್ರಕ್ಕು ಟ್ರ್ಯಾಕ್ಟರುಗಳ ರಿಪೇರಿ ಅಂಗಡಿಯಲ್ಲಿ ಮೆಕ್ಯಾನಿಕನಾಗಿ ಸೇರಿದ. ಹನ್ನೊಂದು ವರ್ಷಗಳ ಕಾಲ ತಂದೆ ಆ ಮಾತನ್ನು ಯಾವ ಕೂಟದಲ್ಲಿಯೂ ಆಡಲಿಲ್ಲ. ನಮ್ಮ ಕೂಟದ ಕುಟುಂಬ ಪಟ್ಟಿಯಲ್ಲಿ ಮಗನ ಹೆಸರಿನ ಮುಂದೆ 'ಆಟೊಮೋಟಿವ್ ಕ್ಷೇತ್ರ' ಎಂದು ಬರೆಸಿದ್ದರು. ಉಳಿದ ನಾವಿಬ್ಬರೂ ಅದನ್ನು ಓದಿ, ಅರ್ಥಮಾಡಿಕೊಂಡು, ಸಭ್ಯತೆಯೆಂದು ಭಾವಿಸಿ ಸುಮ್ಮನಿದ್ದೆವು. ಹುಡುಗ ಯುಗಾದಿಗೂ ದೀಪಾವಳಿಗೂ ಬರುವುದನ್ನು ನಿಲ್ಲಿಸಿದ್ದ. ಏಕೆ ಬರುವುದಿಲ್ಲವೆಂದು ನಮ್ಮಲ್ಲಿ ಯಾರೂ ಅವನನ್ನು ಕೇಳಿರಲಿಲ್ಲ.

ಮೂರು ವಾರ ಪರದಾಡಿದ ಮೇಲೆ ತಾಯಿಯೇ ಅವನಿಗೆ ಫೋನು ಮಾಡಿದರು. ಭಾನುವಾರ ಬಂದ. ಸವೆದ ಸ್ಕ್ರೂಗಳನ್ನು ನೋಡಿದ. ನಗಲಿಲ್ಲ. "ಅಂಕಲ್, ತಪ್ಪು ನಿಮ್ಮದಲ್ಲ, ಸ್ಕ್ರೂಡ್ರೈವರಿನದು" ಎಂದ. ಜಪಾನಿನ ಸ್ಕ್ರೂಗಳ ಪ್ಲಸ್ ಗುರುತಿಗೂ ಇಲ್ಲಿನ ಫಿಲಿಪ್ಸ್ ಸ್ಕ್ರೂಡ್ರೈವರಿನ ತುದಿಗೂ ಕೋನದಲ್ಲಿ ಸೂಕ್ಷ್ಮ ವ್ಯತ್ಯಾಸವಿದೆ. ನೋಡಲು ಒಂದೇ, ಆದರೆ ಪೂರ್ತಿ ಕೂರುವುದಿಲ್ಲ, ಬಲ ಹಾಕಿದರೆ ಜಾರಿ ತಲೆಯನ್ನು ತಿನ್ನುತ್ತದೆ. ಅವನು ತನ್ನ ಪೆಟ್ಟಿಗೆಯಿಂದ ಜಪಾನಿ ಅಳತೆಯ ಸ್ಕ್ರೂಡ್ರೈವರನ್ನೂ, ಸುತ್ತಿಗೆಯಿಂದ ಹೊಡೆದಾಗ ತಾನೇ ತಿರುಗುವ ಇನ್ನೊಂದು ಸಾಧನವನ್ನೂ ತೆಗೆದ. ಹತ್ತು ನಿಮಿಷದಲ್ಲಿ ಮುಚ್ಚಳ ಕೈಗೆ ಬಂತು.

ಅಂದಿನಿಂದ ಎರಡು ಚಳಿಗಾಲ ಅವನು ನಮ್ಮ ಗುರು. ಕವಾಟಗಳ ಸಂದು ಒಳಗಡೆಯದಕ್ಕೆ 0.05 ಮಿಲಿಮೀಟರು, ಹೊಗೆ ಹೊರಹೋಗುವುದಕ್ಕೆ 0.08. ಪುಸ್ತಕದಲ್ಲಿ ನಾವೂ ಓದಬಲ್ಲೆವು. ಆದರೆ ಆ ತೆಳು ಪಟ್ಟಿಯನ್ನು ಸಂದಿನಲ್ಲಿ ಎಳೆದಾಗ ಎಷ್ಟು ಬಿಗಿ ಇರಬೇಕೆಂಬುದು ಪುಸ್ತಕದಲ್ಲಿಲ್ಲ. ಅವನು ನಮ್ಮ ಕೈ ಹಿಡಿದು ಎಳೆಸಿ ತೋರಿಸಿದ. ಅಕ್ಷರಾಭ್ಯಾಸದಲ್ಲಿ ಮಗುವಿನ ಬೆರಳು ಹಿಡಿದು ಅಕ್ಕಿಯ ಮೇಲೆ ಬರೆಸಿದಂತೆ.

ಲೆಕ್ಸಿಂಗ್ಟನ್ ಬಳಿಯ ಮಿಡ್-ಒಹಾಯೋ ಮೈದಾನದಲ್ಲಿ ಬೇಸಿಗೆಯಲ್ಲಿ ಹಳೆಯ ಮೋಟಾರ್‌ಸೈಕಲ್ಲುಗಳ ದೊಡ್ಡ ಜಾತ್ರೆ ಸೇರುತ್ತದೆ. ಬ್ರೇಕಿನ ಭಾಗಗಳನ್ನೂ ಒಂದು ಸೈಲೆನ್ಸರನ್ನೂ ಅಲ್ಲಿ ಕೊಂಡೆವು. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ ಕಂಡವರಿಗೆ ಅಲ್ಲಿ ಹೊಸತೇನೂ ಕಾಣದು. ಹಲ್ಲು ಹಿಡಿದು ನೋಡುವ ಬದಲು ಹಲ್ಲುಚಕ್ರ ನೋಡುತ್ತಾರೆ, ಟವೆಲಿನಡಿ ಬೆರಳು ಹಿಡಿಯುವುದಿಲ್ಲ, ಅಷ್ಟೇ.

ಎರಡನೆಯ ವಸಂತದಲ್ಲಿ ಎಂಜಿನ್ನು ಉಸಿರಾಡಿತು. ಆದರೆ ಲಯ ತಪ್ಪಿದ ಉಸಿರು. ನಾವು ವಿದ್ಯುತ್ ಮಾಪಕ ತಂದು, ನಕ್ಷೆ ಹರಡಿ, ಮೂರು ಸಿದ್ಧಾಂತಗಳನ್ನು ಮಂಡಿಸಿದೆವು. ಹುಡುಗ ಒಂದು ಲೋಟ ನೀರು ಕೇಳಿದ. ಬೆರಳದ್ದಿ ನಾಲ್ಕು ಹೊಗೆ ಕೊಳವೆಗಳ ಬುಡಕ್ಕೂ ಚಿಮುಕಿಸಿದ. ದೋಸೆ ಕಾವಲಿ ಕಾದಿದೆಯೇ ಎಂದು ನಮ್ಮ ಮನೆಗಳಲ್ಲಿ ನೋಡುವುದಿಲ್ಲವೇ, ಹಾಗೆಯೇ. ಮೂರು ಕೊಳವೆಗಳ ಮೇಲೆ ನೀರು ಚುರ್ ಎಂದು ಆವಿಯಾಯಿತು. ಮೂರನೆಯ ಸಂಖ್ಯೆಯದರ ಮೇಲೆ ಸುಮ್ಮನೆ ಇಳಿಯಿತು. ಆ ಸಿಲಿಂಡರು ಉರಿಯುತ್ತಿಲ್ಲ. ಅದರ ಕಾರ್ಬ್ಯುರೇಟರಿನ ಚಿಕ್ಕ ಜೆಟ್ಟಿನ ರಂಧ್ರ ಅರ್ಧ ಮಿಲಿಮೀಟರಿಗೂ ಕಡಿಮೆ. ಹಳೆಯ ಪೆಟ್ರೋಲು ಅಂಟಾಗಿ ಅದನ್ನು ಮುಚ್ಚಿತ್ತು. ಗಿಟಾರಿನ ಅತಿ ತೆಳುವಾದ ತಂತಿಯಿಂದ ಅದನ್ನು ಬಿಡಿಸಿದವರು ತಂದೆ. ಮಗ ದೀಪ ಹಿಡಿದು ನಿಂತಿದ್ದ.

ಆಮೇಲೆ ನಾಲ್ಕು ಕಾರ್ಬ್ಯುರೇಟರುಗಳನ್ನು ಒಂದೇ ಸಮಕ್ಕೆ ತರುವ ಕೆಲಸ. ಒಂದರ ಬಾಗಿಲು ಕೂದಲೆಳೆಯಷ್ಟು ಹೆಚ್ಚು ತೆರೆದರೂ ಅದು ಉಳಿದವನ್ನು ಎಳೆದಾಡುತ್ತದೆ, ಯಂತ್ರ ನಡುಗುತ್ತದೆ. ನಾಲ್ಕು ಮಾಪಕಗಳ ಮುಳ್ಳುಗಳು ಒಂದೇ ಅಂಕಿಯಲ್ಲಿ ನಿಂತ ಕ್ಷಣ ಆ ನಡುಕ ಅಡಗಿ, ಒಂದೇ ಶ್ರುತಿಯ ಸದ್ದು ಹೊಮ್ಮಿತು. ಅಜ್ಜಿಯನ್ನು ಕರೆತಂದು ಕೇಳಿಸಿದೆವು. ಅವರು ಕಣ್ಣು ಮುಚ್ಚಿ ಕೇಳಿ, "ಇದು ಅವರು ಕೆಲಸದಿಂದ ಮನೆಗೆ ಬರುವ ಸದ್ದು" ಎಂದರು.

ಯಂತ್ರದ ಚರಿತ್ರೆಯನ್ನು ಮುಗಿಸಿಬಿಡುತ್ತೇವೆ. 1972ರಲ್ಲಿ ಕವಾಸಾಕಿ 903 ಸಿಸಿಯ ಜೀ1 ತಂದಿತು. 1976ರಲ್ಲಿ ಸುಜುಕಿಯೂ ನಾಲ್ಕು ಸಿಲಿಂಡರಿನ 750 ತಂದಿತು. ಜಪಾನಿನ ಬೈಕುಗಳೆಲ್ಲ ಒಂದೇ ಅಚ್ಚಿನವು ಎಂದು ಪತ್ರಿಕೆಗಳು ಚುಚ್ಚುವಷ್ಟು ಈ ಮಾದರಿ ಹಬ್ಬಿತು. ಬ್ರಿಟನ್ನಿನಲ್ಲಿ ಬಿಎಸ್‌ಎ ಕುಸಿಯಿತು. ಟ್ರಯಂಫಿನ ಮೆರಿಡೆನ್ ಕಾರ್ಖಾನೆಯನ್ನು 1973ರಲ್ಲಿ ಮುಚ್ಚಲು ಹೊರಟಾಗ ಕಾರ್ಮಿಕರು ಧರಣಿ ಕುಳಿತರು, ಸಹಕಾರ ಸಂಘ ಕಟ್ಟಿ 1983ರವರೆಗೆ ನಡೆಸಿದರು. ಅವರ ಕೈಗಳಲ್ಲಿ ಕೌಶಲವಿರಲಿಲ್ಲವೆಂದಲ್ಲ. ಆಡಳಿತದವರು ಹೊಸ ಯಂತ್ರಗಳಿಗೂ ಹೊಸ ವಿನ್ಯಾಸಕ್ಕೂ ಸಕಾಲದಲ್ಲಿ ಹಣ ಹಾಕಲಿಲ್ಲ. ಈ ದೇಶದಲ್ಲಿ ಹಾರ್ಲೆಯ ಮನವಿಯ ಮೇರೆಗೆ 1983ರಲ್ಲಿ ಅಧ್ಯಕ್ಷ ರೇಗನ್ನರು 700 ಸಿಸಿಗಿಂತ ದೊಡ್ಡ ವಿದೇಶಿ ಬೈಕುಗಳ ಮೇಲೆ ಭಾರೀ ಸುಂಕ ಹೇರಿದರು. ಜಪಾನಿನವರು 750ನ್ನು 700ರೊಳಕ್ಕೆ ಇಳಿಸಿ ಮಾರಿದರು. ಅಷ್ಟರಲ್ಲಿ ನಮ್ಮ ಒಹಾಯೋದ ಮೇರಿಸ್‌ವಿಲ್ಲಿನಲ್ಲಿಯೇ, 1979ರಿಂದ, ಹೋಂಡಾ ಮೋಟಾರ್‌ಸೈಕಲ್ ಕಾರ್ಖಾನೆ ನಡೆಯುತ್ತಿತ್ತು. 2013ರಲ್ಲಿ ನಮ್ಮ ಕೋಲಾರ ಜಿಲ್ಲೆಯ ನರಸಾಪುರದಲ್ಲಿಯೂ ಅದರ ಕಾರ್ಖಾನೆ ಆರಂಭವಾಯಿತು. ಮೊದಲ ವಿನ್ಯಾಸದ ಸಿಬಿ750 ನಾಲ್ಕು ಲಕ್ಷಕ್ಕೂ ಹೆಚ್ಚು ತಯಾರಾಗಿ 1978ರ ಮಾದರಿಯೊಡನೆ ನಿಂತಿತು. ಸೊಯಿಚಿರೊ ಹೋಂಡಾ 1991ರಲ್ಲಿ ತೀರಿಕೊಂಡರು.

ಓದು ಬೇಡವೆಂದು ಹೇಳಲು ನಾವು ಇಲ್ಲಿ ನಿಂತಿಲ್ಲ. ಓದಿನಿಂದಲೇ ನಾವೆಲ್ಲ ಈ ಸಾಗರ ದಾಟಿದ್ದೇವೆ. ಹೋಂಡಾ ಅವರೂ ಕೈ ಸೋತಾಗ ಶಾಲೆಯ ಬಾಗಿಲು ತಟ್ಟಿದವರೇ. ಆದರೆ ಅವರ ಪ್ರಶ್ನೆ ಕೈಯಿಂದ ಹುಟ್ಟಿ ಪುಸ್ತಕಕ್ಕೆ ಹೋಯಿತು. ನಮ್ಮದು ಪುಸ್ತಕದಲ್ಲಿ ಹುಟ್ಟಿ ಪರೀಕ್ಷೆಯಲ್ಲಿ ಮುಗಿಯಿತು. ಅದಕ್ಕಿಂತ ದೊಡ್ಡ ತಪ್ಪೆಂದರೆ, ಕೈಯಿಂದ ಕೆಲಸ ಮಾಡುವವರನ್ನು ನಮಗಿಂತ ಒಂದು ಮೆಟ್ಟಿಲು ಕೆಳಗೆ ಕೂರಿಸಿದೆವು. ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ, ಮಾದಾರ ಚೆನ್ನಯ್ಯ ಎಂದು ಶರಣರ ಹೆಸರಿನೊಡನೆ ಅವರ ಕಾಯಕವನ್ನೂ ಸೇರಿಸಿ ಗೌರವದಿಂದ ಕರೆದ ನಾಡಿನವರು ನಾವು. ಆಯುಧಪೂಜೆಯ ದಿನ ಕಾರಿಗೆ ಕುಂಕುಮವಿಟ್ಟು, ಚಕ್ರದಡಿ ನಿಂಬೆಹಣ್ಣು ಇರಿಸುತ್ತೇವೆ. ಅಂದು ಪೂಜೆಗೊಳ್ಳುವ ಸ್ಪ್ಯಾನರನ್ನು ಮರುದಿನ ನಮ್ಮ ಮಗ ಹಿಡಿದರೆ ತಲೆ ತಗ್ಗಿಸುತ್ತೇವೆ. ಹನ್ನೊಂದು ವರ್ಷ ಒಂದು ಮಗುವನ್ನು ನಮ್ಮ ಹಬ್ಬಗಳಿಂದ ದೂರವಿಟ್ಟದ್ದು ಈ ನಾಚಿಕೆಯೇ. ತಂದೆಯೊಬ್ಬರದಲ್ಲ, ಸುಮ್ಮನಿದ್ದ ನಮ್ಮದೂ ಹೌದು.

ನಿಮ್ಮ ಕೂಟದಲ್ಲಿಯೂ ಇಂತಹ ಮಕ್ಕಳಿರಬಹುದು. ಬಡಗಿಗಳು, ವಿದ್ಯುತ್ ಕೆಲಸದವರು, ಅಡುಗೆಯವರು, ಮೆಕ್ಯಾನಿಕ್ಕುಗಳು. ಅವರನ್ನು ಹುಡುಕಿ ಕರೆಯಿರಿ. ಮುಂದಿನ ಆಯುಧಪೂಜೆಗೆ ಅವರೇ ಮುಖ್ಯ ಅತಿಥಿಗಳಾಗಲಿ, ಮಂಗಳಾರತಿಯ ನಂತರ ಒಂದು ಗಂಟೆ ನಮ್ಮ ಮಕ್ಕಳ ಕೈಯಲ್ಲಿ ಆಯುಧಗಳನ್ನು ಹಿಡಿಸಲಿ. ನಮ್ಮ ಊರಿನಲ್ಲಿ ಕಳೆದ ಆಯುಧಪೂಜೆಗೆ ಹೀಗೆಯೇ ಮಾಡಿದೆವು. ಹದಿನಾಲ್ಕು ಮಕ್ಕಳು ಬಂದರು, ಅವರಲ್ಲಿ ಆರು ಹೆಣ್ಣುಮಕ್ಕಳು. ಸೀರೆ ಪಂಚೆಗಳಿಗೆ ಗ್ರೀಸು ಮೆತ್ತಿಕೊಂಡಿತು. ಯಾರೂ ಗದರಲಿಲ್ಲ.

ನಮ್ಮ ಕೂಟದ ಪಟ್ಟಿ ಈ ವರ್ಷ ಹೊಸದಾಗಿ ಅಚ್ಚಾಗಿದೆ. ಆ ಹುಡುಗನ ಹೆಸರಿನ ಮುಂದೆ 'ಮೆಕ್ಯಾನಿಕ್' ಎಂದಿದೆ. ತಿದ್ದಿಸಿದವರು ತಂದೆ. ಮೋಟಾರ್‌ಸೈಕಲ್ಲು ಈಗ ಅವನ ಬಳಿಯಿದೆ, ಅಜ್ಜಿಯ ಇಚ್ಛೆಯಂತೆ. ಹೊರಗೆ ನಿಮ್ಮ ಕಾರುಗಳ ಸಾಲಿನಲ್ಲಿ ಅದು ನಿಂತಿದೆ. ನಮ್ಮ ಹಿಂದೆಯೇ ಸವಾರಿ ಮಾಡಿಕೊಂಡು ಬಂದು, ಅವನೂ ಕೊನೆಯ ಸಾಲಿನಲ್ಲಿ ಕುಳಿತಿದ್ದಾನೆ. ಊಟವಾದ ಮೇಲೆ ನೋಡಬಯಸುವ ಮಕ್ಕಳು ಅವನನ್ನೇ ಕೇಳಬಹುದು. ಕೊಳವೆಗಳು ಇನ್ನೂ ಬಿಸಿಯಾಗಿರುತ್ತವೆ, ಮುಟ್ಟಬೇಡಿ.